ಅಳಿವೆಯ ಆಚೆ

ಬಂದರಿನ ಹಿಂದಿನ ಗಲ್ಲಿ, ಹಗ್ಗದಂಗಡಿಯ ಮಹಡಿ,
ಸಂಜೆ ಆರೂವರೆಗೆ ನನ್ನ ಇಂಗ್ಲಿಷ್ ಕ್ಲಾಸು.
ಹನ್ನೊಂದು ವರ್ಷದಿಂದ ಇದೇ ಬೋರ್ಡು, ಇದೇ ಪಾಠ ಹದಿನಾಲ್ಕು:
ಬರಲಿರುವುದನ್ನು ಹೇಳುವ ನುಡಿಗಟ್ಟು,
‘ಇನ್ ದಿ ಆಫಿಂಗ್’.
ಅರ್ಥ ಬರೆದೆ: ಸದ್ಯದಲ್ಲೇ ಆಗಲಿರುವ.
ಸ್ವಂತ ವಾಕ್ಯದಲ್ಲಿ ಬಳಸಿರಿ. ಐದು ನಿಮಿಷ.

ಐಸ್ ಪ್ಲಾಂಟಿನ ದೂಮಪ್ಪ ಮೊದಲು ಮುಗಿಸಿದ:
ಕರೆಂಟು ಆಫಿಂಗಿನಲ್ಲಿದೆ.
ಆಫ್ ಆಗುವುದಕ್ಕೂ ಇಷ್ಟು ಸೊಗಸಾದ ಮಾತು ಉಂಟೆಂದು ಅವನಿಗೆ ಖುಷಿ.
ತಪ್ಪು ಎನ್ನಲು ಬಾಯಿ ತೆರೆದೆ,
ಫ್ಯಾನು ನಿಂತಿತು.
ಕತ್ತಲಲ್ಲಿ ನಾಲ್ಕು ಜನ ಚಪ್ಪಾಳೆ ತಟ್ಟಿದರು.

ಮೊಬೈಲಿನ ಬೆಳಕಲ್ಲಿ ಓದಿದಳು ಬೋಳಾರದ ಮಿಸ್ರಿಯಾ:
ಅಕ್ಕನ ಮದುವೆ ಆಫಿಂಗಿನಲ್ಲಿದೆ, ಹುಡುಗ ಸಿಕ್ಕಿಲ್ಲ.
ಸಿಟಿ ಬಸ್ಸಿನ ಲ್ಯಾನ್ಸಿ ಎದ್ದು ನಿಂತೇ ಹೇಳಿದ:
ಸ್ಟೇಟ್‌ಬ್ಯಾಂಕ್ ಆಫಿಂಗಿನಲ್ಲಿದೆ,
ಇಳಿಯುವವರು ಮುಂದೆ ಬನ್ನಿ, ಮುಂದೆ ಬನ್ನಿ.

ದಕ್ಕೆಯಲ್ಲಿ ಬೋಟಿನ ಲೆಕ್ಕ ಬರೆಯುವ ಯಶವಂತಿ ಪುತ್ರನ್
ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ.
“‘ಇನ್’ ಅಂದ್ರೆ ಒಳಗೆ. ಎಂತದರ ಒಳಗೆ ಟೀಚರ್?
ಈ ಆಫಿಂಗ್ ಅನ್ನುವುದು ಒಂದು ಜಾಗವಾ?”
ಅದು ಹಾಗೇ, ಬಾಯಿಪಾಠ ಮಾಡಿ, ಎಂದೆ.
ಗೊತ್ತಿಲ್ಲದ ದಿನ ನಾವು ಹೇಳುವುದು ಅದನ್ನೇ.

ರಾತ್ರಿ ಅಪ್ಪನ ಡಿಕ್ಷನರಿ ಇಳಿಸಿದೆ.
ಗೆದ್ದಲು ಹಿಂದಿನಿಂದ ತಿನ್ನುತ್ತ ‘ಪಿ’ವರೆಗೆ ಬಂದಿತ್ತು.
‘ಓ’ ಉಳಿದಿತ್ತು, ಸದ್ಯ.
ಆಫಿಂಗ್: ದಡದಲ್ಲಿ ನಿಂತವರಿಗೆ ಕಾಣುವ ದೂರದ ಕಡಲು.
ಲಂಗರಿನ ನೀರಿನಿಂದ ಆಚೆ, ಬಾನಂಚಿನಿಂದ ಈಚೆ.
ಹಡಗು ಅಲ್ಲಿ ಕಂಡರೆ ಇನ್ನೇನು ಬಂತೆಂದು ಲೆಕ್ಕ.
ಕಡಲಿನ ಮಾತು!
ಕಡಲ ಊರಿನಲ್ಲೇ ಹುಟ್ಟಿದವಳು ನಾನು, ಅದನ್ನು
ಹನ್ನೊಂದು ವರ್ಷ ಚಾಕಿನ ಪುಡಿಯಲ್ಲಿ
ಒಣಮೀನು ಮಾಡಿಟ್ಟಿದ್ದೆ.

ಮರುದಿನ ಹೇಳಿದೆ. ಯಶವಂತಿ ನಕ್ಕಳು.
“ಓ, ಅದಾ! ಅಳಿವೆಯ ಆಚೆ.
ನಾವು ದಿನಾ ನೋಡುವುದು ಅದನ್ನೇ ಅಲ್ವಾ.
ನೀರು ಏರುವವರೆಗೆ ಬೋಟುಗಳು ಅಲ್ಲಿ ಕಾಯುತ್ತವೆ.
ಹಕ್ಕಿ ಮುತ್ತಿದ್ದರೆ ಮೀನುಂಟು, ಇಲ್ಲದಿದ್ದರೆ ಡೀಸೆಲ್ಲಿನ ಸಾಲ ಉಂಟು.
ಬೇಂಗ್ರೆಯ ಮರಳಲ್ಲಿ ನಿಂತರೆ
ಯಾರ ಅಂಗಿ ಯಾವ ಬಣ್ಣ, ಅದೂ ಕಾಣುತ್ತದೆ.
ಐಸಿಗೆ ಫೋನು ಮಾಡುತ್ತೇವೆ. ಅನ್ನಕ್ಕೆ ನೀರಿಡುತ್ತೇವೆ.”

ದೂಮಪ್ಪ ತಲೆಯಾಡಿಸಿದ; ಫೋನು ಎತ್ತುವವನು ಅವನೇ.

“ಆದರೆ ಟೀಚರ್, ಅರ್ಥ ಸ್ವಲ್ಪ ತಿದ್ದಬೇಕು.
ಅಲ್ಲಿರುವುದು ಬರುತ್ತದೆ ಅಂತ ಇಲ್ಲ.
ಕಾಣುತ್ತದೆ, ಅಷ್ಟೆ.”

ಅವಳ ಪುಸ್ತಕ ನನ್ನ ಮೇಜಿಗೆ ಬಂತು. ಒಂದೇ ವಾಕ್ಯ:
ಮೈ ಬ್ರದರ್ ವಾಸ್ ಇನ್ ದಿ ಆಫಿಂಗ್.
ಕೆಳಗೆ, ಲೆಕ್ಕ ಬರೆಯುವ ಕೈಯ ರೂಢಿಗೆ,
ಬೆಳಿಗ್ಗೆ ಏಳು ನಲವತ್ತು. ಅಂಗಿ ಹಳದಿ.
ಐಸು ಹದಿನೆಂಟು ಬ್ಲಾಕು, ವಾಪಸ್.

ನಿಯಮ ನನಗೆ ಗೊತ್ತು.
ಇದನ್ನು ಸಂಗತಿಗಳಿಗೆ ಬಳಸುತ್ತಾರೆ, ಮನುಷ್ಯರಿಗಲ್ಲ.
‘ವಾಸ್’ ಎಂದ ಮೇಲೆ
ಆಮೇಲೆ ಏನಾಯಿತೆಂದು ಇನ್ನೊಂದು ವಾಕ್ಯ ಬೇಕು.
ಕೆಂಪು ಪೆನ್ನು ಪುಟದ ಮೇಲೆ
ನೀರು ಏರಲು ಕಾಯುವ ಹಾಗೆ ನಿಂತಿತು.

“ಸರಿಯಾ, ತಪ್ಪಾ?” ಲ್ಯಾನ್ಸಿ ಕೇಳಿದ.
ದೂಮಪ್ಪ ಅವನ ಕಾಲು ತುಳಿದ.

ಕಿಟಕಿಯ ಹೊರಗೆ ಯಾವುದೋ ಬೋಟಿನ ಹಾರನ್ನು.
ಯಶವಂತಿ ಕತ್ತೆತ್ತಿ ಕೇಳಿಸಿಕೊಂಡಳು,
ಯಾರದ್ದೆಂದು ಗುರುತು ಹಿಡಿದಳು.
ಕೈಚಾಚಿ ತನ್ನ ಪುಸ್ತಕ ಹಿಂದಕ್ಕೆ ತೆಗೆದುಕೊಂಡು
ಪುಟ ಮಗುಚಿದಳು.
“ಪಾಠ ಹದಿನೈದು, ಟೀಚರ್.”